ಗಿಡ್ಡವಾಗುತ್ತಿದ್ದ ವೈರು

"ಏನ್ ಮೇಡಂ, ಮತ್ತೆ ವೈರ್ ಕಿತ್ತೋಯ್ತಾ? ನಿಮ್ಮ ಪೇಷಂಟ್‌ಗಳು ಗೇಮ್ ಆಡ್ತಾರೋ, ಹಗ್ಗ ಜಗ್ಗಾಡ್ತಾರೋ?"

ಹಳೆಯ ವಿಡಿಯೋ ಗೇಮ್‌ಗಳ ರಿಪೇರಿ ಅಂಗಡಿ ಅದು. ಬಾಗಿಲಲ್ಲೇ ಅತ್ತಿಗೆಯ ಮಾತು ಎದುರಾಯಿತು. ಅತ್ತಿಗೆ ಎಂದರೆ ರಿಪೇರಿಯವನ ಅಣ್ಣನ ಹೆಂಡತಿ. ಅಂಗಡಿಯ ಗಲ್ಲಾವೂ ಅವಳದೇ, ಬೀದಿಯ ಸುದ್ದಿಯೂ ಅವಳದೇ.

ಥೆರಪಿ ಮೇಡಂ ನಕ್ಕಳು. ನಗುವುದಕ್ಕೂ ಅವತ್ತು ತ್ರಾಣವಿರಲಿಲ್ಲ. ಪಾರ್ಶ್ವವಾಯು ಬಡಿದವರ ಬೆರಳುಗಳನ್ನು ಬೆಳಗಿನಿಂದ ಒಂದೊಂದಾಗಿ ಬಿಡಿಸಿ, ಮಡಿಸಿ, ಮತ್ತೆ ಬಿಡಿಸಿ, ಅವಳ ಬೆರಳುಗಳೇ ಸೋತುಹೋಗಿದ್ದವು. ಕಂಕುಳಲ್ಲಿ ಒಂದು ರಟ್ಟಿನ ಡಬ್ಬ.

ಒಳಗಿನಿಂದ ರಿಪೇರಿಯವನು ತಲೆ ಎತ್ತಿದ. ಕನ್ನಡಕ ಹಣೆಗೇರಿಸಿ, ಕಿಟಕಿಯ ಪಕ್ಕಕ್ಕೆ ಸ್ಟೂಲು ಎಳೆದ. ಮೊದಲು ಸ್ಟೂಲು, ಆಮೇಲೆ ಮಾತು. ಅದು ಅವನ ಕ್ರಮ.

"ಕೂತ್ಕೊಳ್ಳಿ. ತುಂಬಾ ಸುಸ್ತಾಗಿದೀರಿ."

ಹಾಗೆಂದು ಅವಳಿಗೆ ಹೇಳುವವರು ಬೇರೆ ಯಾರೂ ಇರಲಿಲ್ಲ. ಮನೆಯಲ್ಲಿ ಅವಳ ಮದುವೆಯ ಮಾತು ಯಾವತ್ತೋ ತಾನಾಗಿ ತಣ್ಣಗಾಗಿತ್ತು.

ಮೊದಲ ಸಲ ಬಂದಾಗ ಅವಳು ಬೈಸಿಕೊಂಡಿದ್ದಳು. ಟೀವಿಗೆ ಹಚ್ಚಿ ಆಡುವ ಗೇಮಿನ ಕ್ಯಾಸೆಟ್ಟನ್ನು ಅವನೆದುರೇ ಉಫ್ ಎಂದು ಊದಿದ್ದಳು. "ಅಯ್ಯೋ, ಊದಬೇಡಿ! ಎಂಜಲು ತಾಗಿ ತುಕ್ಕು ಹಿಡಿಯುತ್ತೆ!" ಎಂದು ಅವನು ಕಿರುಚಿದ್ದ. "ನನ್ನ ಎಂಜಲು ಅಷ್ಟೊಂದು ಕೆಟ್ಟದಾ?" ಎಂದು ಅವಳು ಕೇಳಿದ್ದಳು. ಅವನ ಕಿವಿ ಕೆಂಪಾಗಿದ್ದನ್ನು ಅತ್ತಿಗೆ ಇಂದಿಗೂ ಗಿರಾಕಿಗಳಿಗೆ ವರ್ಣಿಸುತ್ತಾಳೆ.

ಆಮೇಲೆ ಪೇಷಂಟ್‌ಗಳ ಬೆರಳಿನ ವ್ಯಾಯಾಮಕ್ಕೆಂದು ಕೈಯಲ್ಲಿ ಹಿಡಿದು ಆಡುವ ಎರಡು ಗೇಮುಗಳೂ ಅವನ್ನು ಜೋಡಿಸುವ ಒಂದು ವೈರೂ ಬಂದವು. ಮೊದಲ ಸಲ ವೈರು ಪೇಷಂಟ್‌ಗಳ ಕೈಯಲ್ಲೇ ಕಿತ್ತಿತ್ತು. ಆಮೇಲಿನದನ್ನು ದೇವರೇ ಬಲ್ಲ. ಪ್ರತಿ ಸಲವೂ ಅವನು ಹಾಳಾದ ತುದಿ ಕತ್ತರಿಸಿ, ಬೆಸುಗೆ ಹಾಕುತ್ತಿದ್ದ. ಪ್ರತಿ ಸಲವೂ ವೈರು ಗಿಡ್ಡವಾಗುತ್ತಿತ್ತು. ಸರಿಯಾಯಿತೇ ಎಂದು ನೋಡಲು ಇಬ್ಬರೂ ಒಂದಾಟ ಆಡಲೇಬೇಕಲ್ಲ. ಪ್ರತಿ ಸಲವೂ ಸ್ಟೂಲುಗಳು ಇನ್ನಷ್ಟು ಹತ್ತಿರ ಸರಿಯುತ್ತಿದ್ದವು.

"ಇವತ್ತು ರಿಪೇರಿಗೆ ಬಂದಿಲ್ಲ," ಎಂದಳು ಮೇಡಂ. "ಆಸ್ಪತ್ರೆಗೆ ಟಚ್ ಸ್ಕ್ರೀನ್ ಬಂದಿವೆ. ಇವನ್ನ ಗುಜರಿಗೆ ಹಾಕಿ ಅಂದ್ರು. ಮನಸ್ಸು ಬರಲಿಲ್ಲ. ನೀವೇ ಇಟ್ಕೊಳ್ಳಿ."

ಅವನು ಡಬ್ಬ ತೆರೆದ. ವೈರು ಎತ್ತಿ, ತಾನೇ ಹಾಕಿದ ಬೆಸುಗೆಯನ್ನು ಬೆರಳಿನಿಂದ ಸವರಿದ.

"ಟಚ್ ಸ್ಕ್ರೀನ್ ಮುಟ್ಟಿದ್ರೆ ಬೆರಳಿಗೆ ಏನ್ ಗೊತ್ತಾಗುತ್ತೆ?"

"ನಾನೂ ಅದೇ ಹೇಳ್ದೆ. ಬಟನ್ ಒತ್ತಬೇಕು, ಟಕ್ ಅನ್ನಬೇಕು, ಆಗಲೇ ಬೆರಳಿಗೆ ಬಲ ಬರೋದು ಅಂತ. ಆದ್ರೆ ಇದರ ಪರದೆ ಮಬ್ಬು, ವಯಸ್ಸಾದವರಿಗೆ ಕಾಣಲ್ಲ ಅಂದ್ರು. ಅದೂ ನಿಜ ತಾನೆ?"

"ನಿಜಾನೇ." ತನ್ನ ಯಂತ್ರಗಳ ಪರವಾಗಿ ಅವನೆಂದೂ ಸುಳ್ಳು ಹೇಳಿದವನಲ್ಲ. "ಬೆಳಕಿಲ್ಲ, ಬಣ್ಣ ಇಲ್ಲ. ಈ ಆಟದಲ್ಲಂತೂ ಸೇವ್ ಕೂಡ ಇಲ್ಲ, ಆಫ್ ಮಾಡಿದ್ರೆ ಎಲ್ಲಾ ಹೋಯ್ತು. ಬಿದ್ರೂ ಒಡೆಯಲ್ಲ, ಸೆಲ್ ಬೇಗ ಮುಗಿಯಲ್ಲ, ಇದರ ಗುಣ ಅಷ್ಟೇ."

"ನನ್ನ ಹಾಗೇ," ಎಂದಳು.

ಅವನು ನಗಲಿಲ್ಲ. ಅವಳ ಕಡೆ ನೋಡಿದ, ತಟ್ಟನೆ ಕಿಟಕಿಯ ಕಡೆ ನೋಡಿದ. ಡಬ್ಬ ಇಲ್ಲಿ ಉಳಿದರೆ ಈ ಬಾಗಿಲಿಗೆ ಬರಲು ತನಗೆ ನೆಪವೇ ಇಲ್ಲ; ಅದು ಅವನಿಗೂ ಹೊಳೆಯಿತೇ, ಎಂದುಕೊಂಡಳು ಮೇಡಂ.

"ಕೊನೇ ಸಲ ಒಂದಾಟ?" ಎಂದ.

ಈಗ ವೈರು ಗೇಣುದ್ದವೂ ಇರಲಿಲ್ಲ. ಸಂಜೆಯ ಬೆಳಕು ಬೀಳುವಂತೆ ಇಬ್ಬರೂ ಕಿಟಕಿಗೆ ವಾಲಿ ಕೂತರು. ಮೊಣಕೈಗೆ ಮೊಣಕೈ ತಾಗಿತು, ಯಾರೂ ಸರಿಯಲಿಲ್ಲ. ಆ ಆಟದಲ್ಲಿ ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ. ಒಬ್ಬರು ಸಾಲು ತುಂಬಿಸಿದರೆ ಆ ಭಾರ ಇನ್ನೊಬ್ಬರ ಪರದೆಗೆ. ಅವನು ಸಾಲು ತುಂಬಿಸುತ್ತಲೇ ಇರಲಿಲ್ಲ.

"ಬೇಕಂತ್ಲೇ ಸೋಲ್ತಿದೀರಿ."

"ನಿಮ್ಮ ಮೇಲೆ ಇನ್ನೂ ಭಾರ ಹಾಕ್ಲಾ ಮೇಡಂ?"

ಅವಳು ಅವನ ಕಡೆ ಮುಖ ತಿರುಗಿಸಿದಳು. ಇದುವರೆಗೂ ಗಮನಿಸದ ಅವನ ಹಿಂದಿನ ಗೋಡೆ ಕಾಣಿಸಿತು. ಅಲ್ಲಿ ಮೊಳೆಗೆ ನೇತಾಡುತ್ತಿದ್ದವು ಹೊಸ ವೈರುಗಳು, ಅದೇ ಪ್ಲಗ್ಗು, ಮಾರುದ್ದ.

ಅವಳು ಪಾಜ್ ಒತ್ತಿ ಆಟವನ್ನು ಅಲ್ಲಿಗೇ ತಡೆದಳು.

"ಅವು ಯಾವಾಗಿಂದ ಇವೆ?"

ಅವನ ಕಿವಿ ಕೆಂಪಾಯಿತು. "ಮೊದಲಿಂದಲೂ."

"ಮತ್ತೆ ನನ್ನ ವೈರ್ ಯಾಕೆ ಕತ್ತರಿಸ್ತಾ ಬಂದ್ರಿ?"

"ಹೊಸದು ಕೊಟ್ರೆ ನೀವು ದೂರ ಕೂತ್ಕೊಳ್ತಿದ್ರಿ." ಕನ್ನಡಕ ಮೂಗಿಗಿಳಿಸುತ್ತಾ, "ತಪ್ಪಾಯ್ತು," ಎಂದ.

ಮೇಡಂ ತನ್ನ ಸೋತ ಬೆರಳುಗಳನ್ನು ನೋಡಿಕೊಂಡಳು. "ಪೇಷಂಟ್‌ಗಳು ಒಂದೇ ಒಂದು ಸಲ ಕಿತ್ತಿದ್ದು. ಉಳಿದಿದ್ದೆಲ್ಲಾ ನಾನು. ಬಸ್ಸಲ್ಲಿ ಕೂತು ತಿರುಚ್ತಿದ್ದೆ."

ಗಲ್ಲಾದ ಕಡೆಯಿಂದ ಒಂದು ಕೆಮ್ಮು ಕೇಳಿಸಿತು.

"ಕತ್ತಲಾಯ್ತು ಕಣಪ್ಪಾ," ಎಂದು ಕೂಗಿದಳು ಅತ್ತಿಗೆ, "ಅದನ್ನ ಆಫ್ ಮಾಡಿ, ಅಂಗಡಿ ಮುಚ್ತೀನಿ."

"ಸೇವ್ ಇಲ್ಲ ಅತ್ತಿಗೆ. ಆಫ್ ಮಾಡಿದ್ರೆ ಮತ್ತೆ ಮೊದಲಿಂದ."

"ಮೊದಲಿಂದ ಶುರು ಮಾಡೋಕೆ ನನಗೆ ತ್ರಾಣ ಇಲ್ಲ," ಎಂದಳು ಮೇಡಂ, ಅವನಿಗಷ್ಟೇ ಕೇಳಿಸುವಂತೆ.

ಅವನು ಗೇಮನ್ನು ಹಾಗೇ ಕಿಟಕಿಯ ಕಟ್ಟೆಯ ಮೇಲಿಟ್ಟ. ಅವಳ ಕೈ ತೆಗೆದುಕೊಂಡು, ಮಡಿಸಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಇಷ್ಟು ವರ್ಷ ಊರವರ ಬೆರಳೆಲ್ಲ ಬಿಡಿಸಿದವಳಿಗೆ ತನ್ನವೂ ಮಡಿಸಿಕೊಂಡಿದ್ದವೆಂದು ತಿಳಿದದ್ದು ಆಗಲೇ.

ಅತ್ತಿಗೆ ಶಟರನ್ನು ಅರ್ಧಕ್ಕೆ ಇಳಿಸಿ, ಅಲ್ಲಿಗೇ ಬಿಟ್ಟು ಹೊರಗೆ ಹೋಗಿ ನಿಂತಳು.