ಕಾಲುವೆ ಮುಚ್ಚುವ ವಾರ

ಪೃಥ್ವಿರಾಜ್ ತನ್ನ ದೋಣಿಗೆ ಅನುಷ್ಕಾ ಎಂದು ಹೆಸರಿಟ್ಟಿದ್ದಾನೆಂದು ತಿಳಿದ ದಿನವೇ ಸುಧಾಕರ ಅವನನ್ನು ಕೊಲ್ಲುವುದೆಂದು ತೀರ್ಮಾನಿಸಿದ.

ಫೋಟೊ ಬಂದದ್ದು ಹೆಂಡತಿ ಗುಲಾಬಿಯ ಫೋನಿಗೆ. ಫ್ರಾನ್ಸಿನ ಯಾವುದೋ ಹಳ್ಳಿಯ ಕಾಲುವೆ, ದಡಕ್ಕೆ ಕಟ್ಟಿದ ಹಳೆಯ ಕಬ್ಬಿಣದ ದೋಣಿ, ಅದರ ಮುಂಭಾಗದಲ್ಲಿ ಬಿಳಿ ಬಣ್ಣದ ಕನ್ನಡ ಅಕ್ಷರಗಳಲ್ಲಿ ಅವರ ಸತ್ತ ಮಗಳ ಹೆಸರು. ಗುಲಾಬಿ ಅತ್ತಳು. "ಪಾಪ, ಅವನಾದ್ರೂ ನೆನಪಿಟ್ಟುಕೊಂಡಿದ್ದಾನೆ ನೋಡಿ," ಎಂದಳು. ಸುಧಾಕರ ಎದ್ದು ಮೋಟೆಲಿನ ಆಫೀಸಿಗೆ ಹೋಗಿ ಕುಳಿತ.

ಅಮೆರಿಕದ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಅವರದು ಮೂವತ್ತು ರೂಮಿನ ಮೋಟೆಲು. ಆಫೀಸಿನ ಹಿಂದೆಯೇ ಮನೆ. ಆರು ವರ್ಷದ ಹಿಂದೆ ಆ ಮನೆಯಲ್ಲಿ ಕೋರಿ ರೊಟ್ಟಿ ಉಂಡು ಹೊರಟ ಗೆಳೆಯ ಪೃಥ್ವಿರಾಜನ ಕಾರಿನಲ್ಲಿ ಅನುಷ್ಕಾ ಪಿಸ್ಕಾಟವೇಯ ತನ್ನ ಕಾಲೇಜು ಹಾಸ್ಟೆಲಿಗೆ ಹೊರಟಿದ್ದಳು. ತಲುಪಲಿಲ್ಲ. ಜಿಂಕೆ ಅಡ್ಡ ಬಂತು, ತಪ್ಪಿಸಲು ಹೋಗಿ ಮರಕ್ಕೆ ಹೊಡೆದೆ ಎಂದು ಪೃಥ್ವಿರಾಜ್ ಹೇಳಿದ. ನ್ಯೂಜೆರ್ಸಿಯಲ್ಲಿ ಜಿಂಕೆಗೇನು ಬರ? ಎಲ್ಲರೂ ನಂಬಿದರು. ಅವನ ಮುರಿದ ಕೈ ನೋಡಿ ಮರುಗಿದರು.

ಅವನು ಎಷ್ಟು ಕುಡಿದಿದ್ದನೆಂದು ಸುಧಾಕರನಿಗೆ ಗೊತ್ತಿತ್ತು. ಸುರಿದುಕೊಟ್ಟವನು ಸುಧಾಕರನೇ. ಮೂರನೆಯದು ಬೇಡವೆಂದವನಿಗೆ ಬಲವಂತ ಮಾಡಿದವನೂ ಅವನೇ. ಮೋಟೆಲಿನ ಡೆಸ್ಕಿನಲ್ಲಿ ಕೂರಲು ಬೇರೆ ಯಾರೂ ಇಲ್ಲ, ಮಗಳನ್ನು ನೀನೇ ಬಿಟ್ಟುಬಿಡು ಎಂದವನೂ ಅವನೇ. ಇದನ್ನು ಪೊಲೀಸರಿಗೆ ಹೇಳಿದರೆ ಗುಲಾಬಿಯ ಕಿವಿಗೂ ಬೀಳುತ್ತದೆ. ಆರು ವರ್ಷ ಬಾಯಿ ಹೊಲಿದುಕೊಂಡು ಬದುಕಿದ. ಈಗ ಆ ಮನುಷ್ಯ ಮಗಳ ಹೆಸರಿನ ದೋಣಿಯಲ್ಲಿ ಕುಳಿತು ಊರೂರು ತಿರುಗುತ್ತಿದ್ದಾನೆ ಎಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಯೋಜನೆ ಹಾಕುವುದು ಸುಧಾಕರನಿಗೆ ಕಷ್ಟವೆನಿಸಲಿಲ್ಲ. ಪೃಥ್ವಿರಾಜ್ ಡಿವೋರ್ಸ್ ಆದವನು, ಟೆಲಿಕಾಂ ಕೆಲಸ ಬಿಟ್ಟವನು, ಹೇಳುವವರು ಕೇಳುವವರು ಇಲ್ಲದವನು. ಅಕ್ಟೋಬರ್ ಕೊನೆಗೆ ದೋಣಿಯನ್ನು ಚಳಿಗಾಲಕ್ಕೆ ದೋಣಿ ಇಡುವ ಯಾರ್ಡಿನಲ್ಲಿ ಬಿಟ್ಟು, ಫೋನ್ ಆಫ್ ಮಾಡಿ, ಏಪ್ರಿಲ್ ತನಕ ಪೋರ್ಚುಗಲ್ಲಿನಲ್ಲಿ ನಡೆದಾಡುವುದು ಅವನ ಪದ್ಧತಿ. ಅಂದರೆ ಐದು ತಿಂಗಳು ಅವನನ್ನು ಯಾರೂ ಹುಡುಕುವುದಿಲ್ಲ.

ಉಳಿದದ್ದು ನೀರಿನ ಪ್ರಶ್ನೆ. ಸುಧಾಕರ ಕಡಲ ದಡದ ಪಡುಕರೆಯಲ್ಲಿ ಹುಟ್ಟಿದವನು. ಸಮುದ್ರ ಯಾವುದನ್ನೂ ಇಟ್ಟುಕೊಳ್ಳುವುದಿಲ್ಲವೆಂದು, ಹೊಳೆ ಎಲ್ಲವನ್ನೂ ಎಳೆದೊಯ್ದು ಯಾರದೋ ಕಣ್ಣಿಗೆ ಹಾಕುತ್ತದೆಂದು ಬಲ್ಲ. ಕಾಲುವೆಯದು ನಿಂತ ನೀರು. ಚೆಕ್-ಇನ್‌ಗಳ ನಡುವೆ ಕಂಪ್ಯೂಟರಿನಲ್ಲಿ ಓದಿದ: ಆ ಕಾಲುವೆ ನವೆಂಬರಿನಿಂದ ಮಾರ್ಚಿನವರೆಗೆ ಬಂದ್. ಅಷ್ಟು ಸಾಕಾಗಿತ್ತು. ಬಂದ್ ಎಂದರೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಪ್ರತಿ ಸೆಪ್ಟೆಂಬರಿನಲ್ಲಿ ಮೋಟೆಲಿನ ಸ್ವಿಮ್ಮಿಂಗ್ ಪೂಲನ್ನು ಬಂದ್ ಮಾಡುತ್ತ ಬಂದವನು. ಮದ್ದು ಹಾಕಿ, ನೀರನ್ನು ಗೇಣುದ್ದ ಇಳಿಸಿ, ಮೇಲೆ ಹಸಿರು ಹೊದಿಕೆ ಎಳೆದರೆ ಬೇಸಿಗೆಯವರೆಗೆ ಅತ್ತ ಒಂದು ನರಪಿಳ್ಳೆಯೂ ಸುಳಿಯುವುದಿಲ್ಲ. ಚಳಿಗಾಲದಲ್ಲಿ ಪೂಲನ್ನು ಖಾಲಿ ಮಾಡಿದರೆ ನೆಲದಡಿಯ ನೀರು ಇಡೀ ತೊಟ್ಟಿಯನ್ನೇ ಮೇಲಕ್ಕೆತ್ತಿ ಒಡೆಯುತ್ತದೆ. ಅದನ್ನು ಅವನು ಎಷ್ಟು ಹೊಸ ಮೋಟೆಲಿನವರಿಗೆ ತಿಳಿಸಿ ಹೇಳಿಲ್ಲ!

ಹಾಗಾಗಿ ನಿನ್ನ ದೋಣಿ ನೋಡಲು ಬರುತ್ತೇನೆಂದು ಪೃಥ್ವಿರಾಜನಿಗೆ ತಿಳಿಸಿ, ಅಕ್ಟೋಬರಿನ ಕೊನೆಯ ವಾರಕ್ಕೆ ಟಿಕೆಟ್ ತೆಗೆದ. "ಹೋಗಿ ಬನ್ನಿ, ನಿಮಗೂ ಸ್ವಲ್ಪ ಗಾಳಿ ಬೇಕು," ಎಂದು ಗುಲಾಬಿಯೇ ಬ್ಯಾಗು ತುಂಬಿಸಿ, ಪೃಥ್ವಿಗೆಂದು ಉಪ್ಪಿನಕಾಯಿಯ ಬಾಟಲಿಯನ್ನೂ ಇಟ್ಟಳು.

ಆ ದೋಣಿಯ ವೇಗ ಮನುಷ್ಯನ ನಡಿಗೆಗಿಂತ ಒಂದು ಚೂರು ಹೆಚ್ಚು. ಎರಡೂ ದಡದಲ್ಲಿ ಎಲೆಯುದುರಿಸುವ ಮರಗಳು, ಹಳ್ಳಿಗೊಂದು ಬ್ರೆಡ್ಡಿನ ಅಂಗಡಿ. ಮೈಲಿಗೊಂದರಂತೆ ಲಾಕು, ಎಂದರೆ ದೋಣಿ ಒಳಹೊಕ್ಕ ಮೇಲೆ ನೀರು ತುಂಬಿಸಿ ಮೇಲೆತ್ತುವ, ನೀರು ಬಿಟ್ಟು ಕೆಳಗಿಳಿಸುವ ಕಲ್ಲಿನ ತೊಟ್ಟಿ. ಪೃಥ್ವಿರಾಜ್ ಹಗ್ಗ ಹಿಡಿಯುವುದನ್ನು ಕಲಿಸಿದ, ಬೆಳಿಗ್ಗೆ ಕಾಫಿ ಮಾಡಿಕೊಟ್ಟ. ಸುಧಾಕರ ಕಲಿತ, ಕುಡಿದ, ಚುಕ್ಕಾಣಿಯ ಪಕ್ಕದ ಸರಪಳಿಯ ತೂಕವನ್ನು ಕಣ್ಣಲ್ಲೇ ಅಳೆದ.

ಕೊನೆಯ ಲಾಕಿನ ಕೆಳಗೆ ಅಗಲವಾದ ಕೊಳ. ದೋಣಿ ಕಟ್ಟಲು ಬಾಗಿದಾಗ ಪೃಥ್ವಿರಾಜನ ಕನ್ನಡಕ ಜಾರಿ ನೀರಿಗೆ ಬಿತ್ತು. ಲಾಕು ನೋಡಿಕೊಳ್ಳುವ ಓಡೆತ್ ಎಂಬ ಹೆಂಗಸು ಮೇಲಿನಿಂದ ಫ್ರೆಂಚಿನಲ್ಲಿ ಏನೋ ಕೂಗಿ ನಕ್ಕಳು, ಅವನೂ ನಕ್ಕ. "ಹೋಗ್ಲಿ ಮಾರ್ರೆ, ಜನವರಿಯಲ್ಲಿ ಸಿಗ್ತದೆ," ಎಂದ. ಕಣ್ಣಿನ ಇನ್ಶೂರೆನ್ಸ್ ಜನವರಿಯಲ್ಲಿ ಹೊಸದಾಗುತ್ತದೆ, ಆಗ ಇನ್ನೊಂದು ಮಾಡಿಸಿಕೊಳ್ಳುತ್ತಾನೆ ಎಂದುಕೊಂಡ ಸುಧಾಕರ. ಜನವರಿಯನ್ನು ನೀನು ಕಾಣುವುದಿಲ್ಲ ಎಂದೂ ಅಂದುಕೊಂಡ.

ಆ ಹೆಂಗಸಿನಿಂದ ಗುಲಾಬಿಗೆಂದು ಒಂದು ಬಾಟಲಿ ಜೇನು ಕೊಂಡ. ಅವಳು ಮುಂದಿಟ್ಟ ಗಿರಾಕಿಗಳ ಪುಸ್ತಕದಲ್ಲಿ ಹೆಸರು, ಊರು, ಮನೆಯ ಇಮೇಲ್ ಎಲ್ಲವನ್ನೂ ನಿಜವಾಗಿಯೇ ಬರೆದ. ಸುಳ್ಳು ಹೆಸರು ಬರೆಯುವವರೇ ಸಿಕ್ಕಿಬೀಳುವುದು. ತನ್ನ ಜಾಣತನಕ್ಕೆ ಮನಸ್ಸಿನಲ್ಲೇ ತಲೆದೂಗಿದ.

ಮರುದಿನ ಬೆಳಿಗ್ಗೆ ದಡ ಕಾಣದಷ್ಟು ಮಂಜು. ಪೃಥ್ವಿರಾಜ್ ಎರಡು ಲೋಟ ಕಾಫಿ ತಂದು ಎದುರಿಗೆ ಕುಳಿತ. ಕನ್ನಡಕವಿಲ್ಲದ ಕಣ್ಣು ಸಣ್ಣದಾಗಿ ಕಾಣುತ್ತಿತ್ತು.

"ಸುಧಾಕರಣ್ಣ, ಅವತ್ತು ಜಿಂಕೆ ಗಿಂಕೆ ಎಂತದೂ ಇರ್ಲಿಲ್ಲ."

ಸುಧಾಕರ ಲೋಟ ಕೆಳಗಿಟ್ಟ.

"ಎಲ್ಲಿ ಕುಡಿದದ್ದು, ಯಾರು ಕೊಟ್ಟದ್ದು ಅಂತ ಪೊಲೀಸ್ರು ಕೇಳ್ತಾರಲ್ಲ. ನಿಮ್ಮ ಹೆಸರು ಬರ್ಬಾರ್ದು ಅಂತ ಜಿಂಕೆ ಅಂದದ್ದು. ಗುಲಾಬಿಯಕ್ಕನಿಗೆ ನಾನು ಸಾಯುವ ತನಕ ಹೇಳುವುದಿಲ್ಲ. ಆದ್ರೆ ನಿಮ್ಮತ್ರ ಒಮ್ಮೆ ಹೇಳ್ಬೇಕಿತ್ತು."

ಪೃಥ್ವಿರಾಜ್ ಅಳುತ್ತಿದ್ದ. ಆ ಕ್ಷಣ ಎದ್ದು ಅವನನ್ನು ತಬ್ಬಿಕೊಳ್ಳಬಹುದಿತ್ತು. ಸುಧಾಕರನಿಗೆ ಬೇಕೆನಿಸಿತು ಕೂಡ. ಆದರೆ ಆರು ವರ್ಷ ತಾನೊಬ್ಬನೇ ಹೊತ್ತಿದ್ದೇನೆಂದುಕೊಂಡ ಗುಟ್ಟು ಇನ್ನೊಬ್ಬನ ಬಾಯಲ್ಲೂ ಇದೆ ಎಂದು ತಿಳಿದಾಗ ಹುಟ್ಟಿದ್ದು ಕರುಣೆಯಲ್ಲ, ಹೆದರಿಕೆ. ಪೃಥ್ವಿರಾಜ್ ಕಣ್ಣೊರೆಸಿಕೊಂಡು ಹಗ್ಗ ಬಿಚ್ಚಲೆಂದು ತಡಕಾಡುತ್ತ ಬಾಗಿದ. ಉಳಿದದ್ದು ಲೆಕ್ಕ ಹಾಕಿದಂತೆಯೇ ನಡೆಯಿತು. ಸರಪಳಿ ಸಾಕಾಯಿತು. ಮಂಜು ಕರಗುವ ಮೊದಲೇ ಕೊಳ ಮತ್ತೆ ನಿಶ್ಚಲವಾಯಿತು.

ದೋಣಿಯನ್ನು ತಾನೇ ನಡೆಸಿಕೊಂಡು ಹೋಗಿ ಯಾರ್ಡಿಗೆ ಒಪ್ಪಿಸಿ, ಗೆಳೆಯ ಬೆಳಗಿನ ರೈಲಿಗೆ ಪೋರ್ಚುಗಲ್ಲಿಗೆ ಹೊರಟ ಎಂದ. ಅಲ್ಲಿಯವನು ಹುಂ ಎಂದು ಕೀಲಿ ತೂಗುಹಾಕಿದ. ವಾಪಸು ನ್ಯೂವಾರ್ಕಿನಲ್ಲಿ ವಿಮಾನ ಇಳಿದಾಗ ಯಾರೂ ತಡೆಯಲಿಲ್ಲ. ಎದೆ ಹಗುರವಾಗುತ್ತದೆಂದು ಕಾದ. ಆಗಲಿಲ್ಲ. ಗುಲಾಬಿ ದಿನವೂ ಮಗಳ ಫೋಟೊಗೆ ದೀಪ ಹಚ್ಚುವಾಗ ಅವನು ಮೊದಲಿನಂತೆಯೇ ಗೋಡೆ ನೋಡುತ್ತ ನಿಂತ. ಈಗ ಆ ಗುಟ್ಟು ನಿಜಕ್ಕೂ ಅವನೊಬ್ಬನದೇ. ಅದರ ಭಾರ ಮಾತ್ರ ಎರಡು ಪಟ್ಟಾಗಿತ್ತು. ಇಷ್ಟಾದರೂ ಸಿಕ್ಕಿಬೀಳಲಿಲ್ಲವಲ್ಲ ಎಂಬುದೊಂದೇ ಸಮಾಧಾನ.

ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಗುಲಾಬಿ ಫೋನ್ ಹಿಡಿದುಕೊಂಡು ಆಫೀಸಿಗೆ ಬಂದಳು. "ಆ ಜೇನಿನವಳು ಮೇಲ್ ಮಾಡಿದ್ದಾಳೆ. ಪೃಥ್ವಿಯ ಫೋನ್ ಹೋಗ್ತಾ ಇಲ್ವಂತೆ, ನಿಮಗೆ ಬರ್ದಿದ್ದಾಳೆ," ಎಂದು ಓದಿ ಹೇಳಿದಳು: ಕಾಲುವೆ ಬಂದ್ ಇರುವಾಗ ಪ್ರತಿ ವರ್ಷದಂತೆ ಈ ವರ್ಷವೂ ಲಾಕಿನ ಬಾಗಿಲುಗಳ ರಿಪೇರಿಗೆಂದು ನೀರನ್ನು ತಳ ಕಾಣುವವರೆಗೆ ಹೊರಬಿಡುತ್ತಾರೆ, ಅವಳ ಲಾಕಿನ ಕೆಳಗಿನ ಕೊಳದ ಸರದಿ ಈ ಮಂಗಳವಾರ, ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಬರಿದಾಗುತ್ತದೆ, ಪೃಥ್ವಿರಾಜನಿಗೆ ಮಾತು ಕೊಟ್ಟ ಹಾಗೆ ತಾನೇ ಬೂಟು ಹಾಕಿಕೊಂಡು ಕೆಸರಿಗಿಳಿದು ಅವನ ಕನ್ನಡಕ ಹುಡುಕುತ್ತಾಳಂತೆ. "ಎಷ್ಟು ಒಳ್ಳೆ ಹೆಂಗಸು ಅಲ್ವಾ?" ಎಂದಳು ಗುಲಾಬಿ. ಸುಧಾಕರ ಕಿಟಕಿಯಾಚೆ ನೋಡಿದ. ಪೂಲಿನ ಹಸಿರು ಹೊದಿಕೆಯ ಮೇಲೆ ಗೇಣುದ್ದ ಹಿಮ ಬಿದ್ದಿತ್ತು. ಫ್ರಾನ್ಸಿನಲ್ಲಿ ಆಗಲೇ ಮಧ್ಯಾಹ್ನ ಮೂರು ಗಂಟೆ.