ಕಿಟಕಿ ಯಾರ ಪಾಲಿಗೆ?

"ಕಿಟಕಿ ಯಾರ ಪಾಲಿಗೆ ಬಂತು? ಮೊದಲು ಅದನ್ನ ಹೇಳು!"

ಅತ್ತೆ ಕೈಯಲ್ಲಿದ್ದ ಕತ್ತರಿಯನ್ನು ನೆಲದ ಕಡೆ ತೋರಿಸಿ ಕೂಗಿದಳು. ನೆಲದ ಮೇಲೆ ಚಾಕ್‌ಪೀಸಿನಲ್ಲಿ ಎಳೆದ ಒಂದು ಉದ್ದನೆಯ ಗೆರೆ ಇತ್ತು. ಕೋಣೆಯನ್ನು ಅದು ರೊಟ್ಟಿ ಮುರಿದ ಹಾಗೆ ಎರಡು ಭಾಗ ಮಾಡಿತ್ತು.

"ಅಕ್ಕ, ಮೊದಲು ಕತ್ತರಿ ಕೆಳಗಿಡು. ಆಮೇಲೆ ಮಾತಾಡೋಣ," ಅಂದ ಅಪ್ಪ. ಅವನ ಕಿವಿಯ ಮೇಲೆ ಪೆನ್ಸಿಲ್, ಕೈಯಲ್ಲಿ ಗರಗಸ, ಮೀಸೆಯ ತುಂಬ ಮರದ ಹೊಟ್ಟು.

"ಕತ್ತರಿ ನನ್ನದು, ನನ್ನ ಕೈಯಲ್ಲೇ ಇರುತ್ತೆ. ಗೆರೆ ಯಾಕೆ ಎಳೆದೆ?"

"ಒಂದು ಮರೆ ಮಾಡ್ತಿದೀನಿ. ಮಡಚೋ ಮರೆ. ಬೇಕಾದಾಗ ನಿಲ್ಲಿಸೋದು, ಬೇಡದಾಗ ಮಡಚಿಡೋದು. ವಿಡಿಯೋದಲ್ಲಿ ಒಬ್ಬ ಎಷ್ಟು ಚೆನ್ನಾಗಿ ಮಾಡಿದಾನೆ ಗೊತ್ತಾ?"

"ಆ ವಿಡಿಯೋದವನಿಗೆ ಅಕ್ಕ ಇಲ್ಲ ಅನ್ಸುತ್ತೆ!"

ಬಾಗಿಲ ಹಿಂದೆ ಸಾಸಿವೆ ತನ್ನ ಜಡೆಯ ತುದಿ ಕಚ್ಚುತ್ತಾ ನಿಂತಿದ್ದಳು. ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ನೋಡೋಕೆ ಇಷ್ಟೇ ಇಷ್ಟು, ಬಿಸಿ ತಾಗಿದರೆ ಸಾಕು ಚಟಪಟ ಸಿಡಿಯುತ್ತಾಳೆ ಅಂತ ಅತ್ತೆಯೇ ಈ ಹೆಸರಿಟ್ಟಿದ್ದಳು. ಇವತ್ತು ಮಾತ್ರ ಸಾಸಿವೆ ಸಿಡಿಯಲಿಲ್ಲ.

ಆ ಕೋಣೆ ಅವಳದ್ದೂ ಹೌದು, ಅತ್ತೆಯದ್ದೂ ಹೌದು. ಸಾಸಿವೆ ತೊಟ್ಟಿಲಲ್ಲಿ ಇದ್ದಾಗಿನಿಂದ ಇಬ್ಬರೂ ಅಲ್ಲೇ ಮಲಗುತ್ತಿದ್ದರು. ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಕಿಟಕಿಯ ಕೆಳಗೆ ಅತ್ತೆಯ ಹೊಲಿಗೆ ಮೆಷಿನ್. ಬೆಳಿಗ್ಗೆಯಿಂದ ಸಂಜೆವರೆಗೆ ಟಕಟಕ ಟಕಟಕ. ಬೀದಿಯವರ ಪ್ಯಾಂಟು, ಯೂನಿಫಾರ್ಮು, ಪರದೆ, ದಿಂಬಿನ ಚೀಲ ಎಲ್ಲ ಅಲ್ಲಿಗೇ ಬರುತ್ತಿದ್ದವು.

ಅಪ್ಪ ಎಳೆದ ಗೆರೆಯ ಪ್ರಕಾರ ಕಿಟಕಿ ಸಾಸಿವೆಯ ಕಡೆಗೆ ಬಂದಿತ್ತು. ಮೆಷಿನ್ ಬಾಗಿಲ ಕಡೆಗೆ ಹೋಗಬೇಕಿತ್ತು. ಅಲ್ಲಿ ಮಟಮಟ ಮಧ್ಯಾಹ್ನವೂ ಲೈಟ್ ಹಾಕಬೇಕು.

"ಓದೋ ಹುಡುಗಿಗೆ ಬೆಳಕು ಬೇಡ್ವಾ ಅಕ್ಕ?"

"ಹೊಲಿಯೋಳಿಗೆ ಬೇಡ್ವಾ? ಕತ್ತಲಲ್ಲಿ ಕೂತು ಜನರ ಪ್ಯಾಂಟಿಗೆ ತೋಳು ಹಚ್ಚಲಾ?"

"ನಿನಗೆ ಒಂದು ಲ್ಯಾಂಪ್ ಮಾಡಿಕೊಡ್ತೀನಿ. ಬಾಟಲಿ ಲ್ಯಾಂಪ್. ನಾನೇ ಮಾಡ್ತೀನಿ."

"ಬೇಡಪ್ಪಾ ಬೇಡ! ನೀನು ಮಾಡಿದ ಸ್ಟೂಲ್ ಮೇಲೆ ಕೂತು ಬಿದ್ದು ಸೊಂಟ ಮುರ್ಕೊಂಡೆ. ನೀನು ಮಾಡಿದ ಸೋಪು ಹಚ್ಚಿ ಕೈಯೆಲ್ಲ ಸಿಪ್ಪೆ ಸುಲೀತು. ಇನ್ನು ನಿನ್ನ ಲ್ಯಾಂಪ್ ಹಚ್ಚಿ ಮನೆ ಒಂದು ಸುಡೋದು ಬಾಕಿ!"

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅಪ್ಪ ಗೋಡೌನಿನಲ್ಲಿ ಕೆಲಸಕ್ಕಿದ್ದ. ಅಲ್ಲಿ ಸಾಮಾನು ಬಂದ ಮರದ ಪೆಟ್ಟಿಗೆಗಳು ಮುರಿದರೆ ಪಟ್ಟಿಗಳನ್ನು ಹೊತ್ತು ತರುತ್ತಿದ್ದ. ಮಗಳಿಗೆ ಏನು ಬೇಕೆಂದರೂ ತಾನೇ ಮಾಡಬೇಕು. "ಅಂಗಡೀಲಿ ಸಿಗುತ್ತೆ ನಿಜ, ಆದರೆ ಅದರಲ್ಲಿ ಅಪ್ಪ ಇರಲ್ಲವಲ್ಲ," ಅನ್ನುತ್ತಿದ್ದ. ಅಪ್ಪ ಇದ್ದ ವಸ್ತುಗಳು ಮಾತ್ರ ಒಂದೂ ನೆಟ್ಟಗೆ ನಿಲ್ಲುತ್ತಿರಲಿಲ್ಲ.

ಅತ್ತೆಯ ದನಿ ಇದ್ದಕ್ಕಿದ್ದಂತೆ ತಗ್ಗಿತು. ಅದು ಕೂಗಿಗಿಂತ ಹೆಚ್ಚು ಹೆದರಿಸುವ ಹಾಗಿತ್ತು.

"ಇದು ಯಾರ ಐಡಿಯಾ? ನಿನ್ನ ಹೆಂಡ್ತೀದಾ?"

ಅಪ್ಪನ ಕಣ್ಣು ಬಾಗಿಲ ಕಡೆ ಹೊರಳಿತು. ಸಾಸಿವೆ ಬಾಗಿಲ ಹಿಂದೆ ಇನ್ನಷ್ಟು ಸರಿದಳು.

"ಇಲ್ಲ. ನನ್ನದೇ," ಅಂದ ಅಪ್ಪ.

ಅದು ಸುಳ್ಳು.

ಹೋದ ವಾರ ಗ್ರೂಪ್ ವರ್ಕ್ ಮಾಡೋಕೆ ಅಂತ ಕ್ಲಾಸಿನ ಹುಡುಗಿಯರು ಮನೆಗೆ ಬಂದಿದ್ದರು. ಅತ್ತೆ ಗುಂಡಿ ಹಚ್ಚುತ್ತಾ ಅವರ ಜೊತೆ ಹರಟೆಗೆ ಕೂತಳು. ಮಾತಿನ ಮಧ್ಯೆ, "ಇವಳು ಎರಡನೇ ಕ್ಲಾಸಿನವರೆಗೂ ಬೆರಳು ಚೀಪ್ತಾ ಇದ್ಳು ಕಣ್ರೇ, ಬೇವಿನೆಣ್ಣೆ ಹಚ್ಚಿದ್ರೂ ಬಿಡ್ಲಿಲ್ಲ!" ಅಂದುಬಿಟ್ಟಳು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಮಾರನೇ ದಿನ ಇಡೀ ಕ್ಲಾಸು ಅವಳನ್ನು 'ಬೇಬಿ ಬೆರಳು' ಅಂತ ಕರೆಯಿತು.

ಸಾಸಿವೆ ಮನೆಗೆ ಬಂದವಳೇ ಸೀದಾ ತಾರಸಿಗೆ ಹೋದಳು. ಅಪ್ಪ ಅಲ್ಲಿ ಮರ ಉಜ್ಜುತ್ತಿದ್ದ.

"ನನಗೆ ನನ್ನದೇ ರೂಮ್ ಬೇಕು! ಅತ್ತೆ ಜೊತೆ ಇರೋಕಾಗಲ್ಲ ನಂಗೆ!"

ಅಪ್ಪ ಉಜ್ಜುವುದನ್ನು ನಿಲ್ಲಿಸಿ ಯೋಚಿಸಿದ. "ರೂಮ್ ಕಟ್ಟೋಕೆ ಇಟ್ಟಿಗೆ ಇಲ್ಲ ನನ್ನ ಹತ್ರ. ಮರದ ಪಟ್ಟಿ ಇದೆ. ನಡೆಯುತ್ತಾ?"

"ನಡೆಯುತ್ತೆ."

"ಹಂಗಾದ್ರೆ ಅತ್ತೆಗೆ ಈಗಲೇ ಹೇಳ್ಬೇಡ. ಮಾಡಿ ನಿಲ್ಲಿಸಿದ ಮೇಲೆ ನೋಡಿದ್ರೆ ಅವಳಿಗೂ ಖುಷಿಯಾಗುತ್ತೆ."

ಕೈಕೆಲಸದಲ್ಲಿ ಅಪ್ಪ ಮಾಡಿದ ತಪ್ಪುಗಳಿಗೆ ಲೆಕ್ಕವಿಲ್ಲ. ಆದರೆ ಅವೆಲ್ಲವನ್ನೂ ಒಂದು ತಕ್ಕಡಿಗೆ ಹಾಕಿದರೂ ಈ ಒಂದು ಮಾತಿನ ತೂಕ ಬರುತ್ತಿರಲಿಲ್ಲ.

"ನಿನ್ನದೇ ಐಡಿಯಾ," ಅತ್ತೆ ನಿಧಾನವಾಗಿ ಅಂದಳು. "ನನ್ನನ್ನ ಕೇಳ್ದೆ, ನನ್ನ ಮೆಷಿನ್ ಎತ್ತಿ ಮೂಲೆಗೆ ಹಾಕೋ ಐಡಿಯಾ."

ಅಪ್ಪನಿಗೂ ರೇಗಿತು. "ಏನಕ್ಕ, ನನ್ನ ಮನೇಲಿ ನಾನು ಒಂದು ಮರೆ ಕಟ್ಟೋಕೂ ಅಪ್ಪಣೆ ತಗೋಬೇಕಾ?"

ಮಾತು ಬಾಯಿಂದ ಜಾರಿತು. ಹಿಡಿದು ಒಳಗೆ ಹಾಕೋಣ ಅಂದರೆ ಅದೇನು ಕೋಳಿಮರಿಯೇ?

"ಸರಿ," ಅಂದಳು ಅತ್ತೆ. "ನಿನ್ನ ಮನೆ. ನಾನೇ ಮರೆತುಬಿಟ್ಟಿದ್ದೆ ನೋಡು." ಕತ್ತರಿಯನ್ನು ಮೆಷಿನ್ ಮೇಲಿಟ್ಟಳು. "ಗುಂಡಿ ಅಂಗಡಿಯವಳ ಮಹಡಿ ಮೇಲೆ ಒಂದು ಕೋಣೆ ಖಾಲಿ ಇದೆ. ಬಾ ಬಾ ಅಂತ ಎಷ್ಟೋ ದಿನದಿಂದ ಕರೀತಿದಾಳೆ. ಹೋಗ್ತೀನಿ."

"ಹೋಗು, ಹೋಗು. ಜಗಳ ಆದಾಗೆಲ್ಲ ಹೋಗ್ತೀನಿ ಅಂತೀಯ, ಸಂಜೆ ಟೀ ಹೊತ್ತಿಗೆ ವಾಪಸ್ ಬರ್ತೀಯ!"

ಅತ್ತೆ ಮಾತಿಗೆ ಮಾತು ಕೊಡದೆ ಸುಮ್ಮನಾದದ್ದನ್ನು ಸಾಸಿವೆ ಅದೇ ಮೊದಲ ಸಲ ನೋಡಿದ್ದು.

ಸಂಜೆ ಅಮ್ಮ ಆಸ್ಪತ್ರೆಯಿಂದ ಬಂದಳು. ಅವಳು ಅಲ್ಲಿ ನರ್ಸ್. ವಿಷಯ ಕೇಳಿ ಹಣೆ ಹಣೆ ಚಚ್ಚಿಕೊಂಡಳು.

"ಅತ್ತಿಗೆಗೆ ಒಂದು ಮಾತು ಮೊದಲೇ ಹೇಳಬಾರದಿತ್ತೇನ್ರೀ?"

"ಸರ್‌ಪ್ರೈಸ್ ಇರಲಿ ಅಂತ..."

"ಸರ್‌ಪ್ರೈಸಂತೆ! ಆಸ್ಪತ್ರೇಲಿ ನಾವು ಇಂಜೆಕ್ಷನ್ ಕೊಡೋವಾಗಲೂ ಹೇಳಿಯೇ ಚುಚ್ಚೋದು."

ಊಟಕ್ಕೆ ಎಲ್ಲರೂ ಕೂತರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. "ಉಪ್ಪು ಕೊಡು ಅಂತ ನಿಮ್ಮಪ್ಪನಿಗೆ ಹೇಳು," ಅಂದಳು ಅತ್ತೆ. ಉಪ್ಪು ಅಪ್ಪನ ಮೊಣಕೈ ಹತ್ತಿರವೇ ಇತ್ತು. ಸಾಸಿವೆ ಎದ್ದು ಸುತ್ತು ಹಾಕಿ ಹೋಗಿ ತಂದುಕೊಟ್ಟಳು.

ಮಾರನೇ ದಿನ ಮೆಷಿನ್ ಸದ್ದು ಕೇಳಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಆ ಟಕಟಕದಿಂದ ತಲೆ ಕೆಡುತ್ತೆ ಅಂತ ಸಾಸಿವೆ ಎಷ್ಟು ಸಲ ದೂರಿದ್ದಳೋ! ಈಗ ಆ ಸದ್ದಿಲ್ಲದೆ ಒಂದು ಲೆಕ್ಕವೂ ತಲೆಗೆ ಹತ್ತಲಿಲ್ಲ.

ಅತ್ತೆ ಸ್ನಾನಕ್ಕೆ ಹೋದಾಗ ಅವಳು ಒದ್ದೆ ಬಟ್ಟೆ ತಂದು ನೆಲದ ಗೆರೆ ಒರೆಸಿದಳು. ಕಿಟಕಿ ಅತ್ತೆಯ ಕಡೆ ಬರುವ ಹಾಗೆ ಬೇರೆ ಗೆರೆ ಎಳೆದಳು. ಅದು ಹಾವಿನ ಹಾಗೆ ಸೊಟ್ಟಗೆ ಹೋಯಿತು.

ಅಪ್ಪ ಬಂದು ನೋಡಿದ. "ಹಂಗಾಗಲ್ಲ ಮಗಳೇ. ಆ ಕಡೆ ಬೀರು ಅಡ್ಡ ಬರುತ್ತೆ. ಪಟ್ಟಿ ಎಲ್ಲ ಅಳತೆಗೆ ಕೊಯ್ದಾಗಿದೆ. ಕೊಯ್ದ ಮರ ಮತ್ತೆ ಉದ್ದ ಆಗುತ್ತಾ?"

"ಹಾಗಾದ್ರೆ ಬೇಡ ಬಿಡಪ್ಪ."

ಹಾಗಂದಳೇನೋ ನಿಜ. ಆದರೆ ತುಂಬ ಮೆತ್ತಗೆ ಅಂದಳು. ಯಾಕಂದರೆ ಅವಳ ಮನಸ್ಸಿನ ಅರ್ಧ ಭಾಗ ಇನ್ನೂ ಆ ಮರೆಯನ್ನು ಕೇಳುತ್ತಿತ್ತು. ಅದರ ಮೇಲೆ ಅಂಟಿಸಬೇಕಾದ ಚಿತ್ರಗಳನ್ನೂ ಅವಳು ಆರಿಸಿ ಇಟ್ಟಾಗಿತ್ತು.

ಅಪ್ಪ ಅವಳ ತಲೆ ಸವರಿದ. "ಕೊಟ್ಟ ಮಾತು ಕೊಟ್ಟ ಮಾತೇ. ನಿಮ್ಮತ್ತೆ ಸಿಟ್ಟು ಹಾಲು ಉಕ್ಕಿದ ಹಾಗೆ. ತಾನೇ ಇಳಿಯುತ್ತೆ."

ಅಪ್ಪ ಹಟಕ್ಕೆ ಬಿದ್ದ. ಪಟ್ಟಿಗಳನ್ನು ಜೋಡಿಸಿ ಮೂರು ಚೌಕಟ್ಟು ಮಾಡಿದ. ಮೈದಾ ಹಿಟ್ಟು ಕುದಿಸಿ ಅಂಟು ಮಾಡಿದ. ಗೋಡೌನಿನಿಂದ ತಂದ ಬಿಳಿ ಕಾಗದವನ್ನು ಎಳೆದು ಅಂಟಿಸಿದ. ಬೆಳಗಾಗುವಷ್ಟರಲ್ಲಿ ಅಂಟಿಗೆ ಇರುವೆ ಮುತ್ತಿ ಮರೆಯೇ ನಡೆದು ಹೋಗುವ ಹಾಗೆ ಕಾಣುತ್ತಿತ್ತು. ಬೇರೆ ದಿನವಾಗಿದ್ದರೆ ಅತ್ತೆ ಈ ಮಾತನ್ನೇ ಹಿಡಿದು ವಾರಪೂರ್ತಿ ಮನೆ ನಗಿಸುತ್ತಿದ್ದಳು. ಈಗ ನೋಡಿಯೂ ನೋಡದ ಹಾಗೆ ದಾಟಿ ಹೋದಳು. ಇರುವೆ ಓಡಿಸಿ, ಚೌಕಟ್ಟಿಗೆ ಕೀಲು ಬಡಿದು, ಭಾನುವಾರ ಮಧ್ಯಾಹ್ನ ಅಪ್ಪ ಮರೆಯನ್ನು ನಿಲ್ಲಿಸಿದ. ಮೆಷಿನನ್ನು ಬಾಗಿಲ ಕಡೆಗೆ ತಳ್ಳಿದ.

ಮರೆ ನೆಟ್ಟಗೆ ನಿಂತಿತು. ಅಲ್ಲಾಡಲಿಲ್ಲ, ವಾಲಲಿಲ್ಲ. ಅಪ್ಪ ಎರಡು ಹೆಜ್ಜೆ ಹಿಂದೆ ಹೋಗಿ ಅದು ಬೀಳುತ್ತದೋ ಅಂತ ಕಾದ. ಬೀಳಲಿಲ್ಲ. ಅವನ ಮುಖ ನೋಡಿ ಸಾಸಿವೆಗೂ ನಗು ಬಂತು. ಅವಳು ತನ್ನ ಕಡೆಗೆ ಓಡಿ, ಕಿಟಕಿಯ ಕೆಳಗೆ ಪುಸ್ತಕ ಜೋಡಿಸಿದಳು. ನನ್ನ ರೂಮ್! ಮಂಚದ ಮೇಲೆ ಕಾಲು ಚಾಚಿ ಮಲಗಿದಳು.

ಕತ್ತಲಾಗುತ್ತಾ ಬಂತು. ಮರೆಯ ಆಚೆ ಲೈಟ್ ಹೊತ್ತಿತು. ಬಿಳಿ ಕಾಗದದ ಮೇಲೆ ಅತ್ತೆಯ ನೆರಳು ಮೂಡಿತು.

ನೆರಳು ಸೂಜಿ ಹಿಡಿದಿತ್ತು. ಇನ್ನೊಂದು ಕೈಯಲ್ಲಿ ದಾರ. ದಾರದ ತುದಿಯನ್ನು ತುಟಿಗೆ ತಾಗಿಸಿತು, ಸೂಜಿಯ ಹತ್ತಿರ ತಂದಿತು. ತಪ್ಪಿತು. ಮತ್ತೆ ತುಟಿಗೆ, ಮತ್ತೆ ಸೂಜಿಗೆ. ಮತ್ತೆ ತಪ್ಪಿತು. ನೆರಳು ಲೈಟಿನ ಕಡೆ ತಿರುಗಿ ಕೂತಿತು. ಆಗಲೂ ಆಗಲಿಲ್ಲ.

ದಾರ ಪೋಣಿಸಿ ಕೊಡುವುದು ಸಾಸಿವೆಯ ಕೆಲಸವಾಗಿತ್ತು. "ಏ ಸಾಸಿವೇ, ಕಣ್ಣು ಕೊಡೇ ಸ್ವಲ್ಪ!" ಅಂತ ಅತ್ತೆ ಕೂಗಿದರೆ ಸಾಕಿತ್ತು. ಈಗ ಕೂಗುತ್ತಾಳೆ, ಇನ್ನೇನು ಕೂಗುತ್ತಾಳೆ ಅಂತ ಸಾಸಿವೆ ಕಾದಳು. ಅತ್ತೆ ಕೂಗಲಿಲ್ಲ.

ಸಾಸಿವೆ ಮಂಚದಿಂದ ಇಳಿದು ಮರೆಯ ಆಚೆ ಹೋದಳು. ಸೂಜಿ ಕೇಳುವ ಬದಲು ಅವಳ ಬಾಯಿಂದ ಬೇರೆಯೇ ಮಾತು ಬಂತು.

"ಅತ್ತೆ, ಕೇಳಿದ್ದು ನಾನು. ಅಪ್ಪ ಅಲ್ಲ. ನಂಗೆ ಬೇರೆ ರೂಮ್ ಬೇಕು ಅಂತ ಗಲಾಟೆ ಮಾಡಿದ್ದು ನಾನೇ."

ಅತ್ತೆ ಸೂಜಿಯಿಂದ ಕಣ್ಣೆತ್ತಲಿಲ್ಲ. "ಗೊತ್ತು."

"ಯಾರು ಹೇಳಿದ್ರು?"

"ಯಾರು ಹೇಳಬೇಕು? ನಿಮ್ಮಪ್ಪ ತನಗೆ ಅಂತ ಯಾವತ್ತು ಏನು ಮಾಡ್ಕೊಂಡಿದಾನೆ? ನೀನು ಕೇಳಿದ್ರೆ ಚಂದ್ರನಿಗೂ ಏಣಿ ಮಾಡ್ತಾನೆ, ಅದು ಮುರಿದು ನನ್ನ ತಲೆ ಮೇಲೆ ಬೀಳುತ್ತೆ."

ಸಾಸಿವೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಬೆರಳಿನ ವಿಷಯ ಎಲ್ಲರ ಮುಂದೆ ಹೇಳಿದ್ಯಲ್ಲ ನೀನು. ಕ್ಲಾಸಲ್ಲಿ ನನ್ನನ್ನ ಬೇಬಿ ಬೆರಳು ಅಂತಾರೆ."

ಅತ್ತೆಯ ಕೈ ಅಲ್ಲೇ ನಿಂತಿತು.

"ಹೇಳಬಾರದಿತ್ತು," ಅಂದಳು. "ನನಗೆ ನೀನಿನ್ನೂ ಅದೇ ಪಾಪು. ಬೆಳೆದದ್ದು ಗೊತ್ತೇ ಆಗ್ಲಿಲ್ಲ ಕಣೇ."

"ಹಂಗಾದ್ರೆ ಹೋಗಲ್ಲ ತಾನೇ?"

ಅತ್ತೆ ಸೂಜಿ, ದಾರ ಅವಳ ಕೈಗೆ ಕೊಟ್ಟಳು. "ಪೋಣಿಸು. ಕರಿ ದಾರ. ಎಳೆ ಉದ್ದ ಇರಲಿ."

ಬೆಳಿಗ್ಗೆ ಮನೆ ಮುಂದೆ ತಳ್ಳುಗಾಡಿ ಬಂದು ನಿಂತಿತು. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಅತ್ತಿಗೆ, ನಿಮ್ಮ ಕಾಲು ಹಿಡ್ಕೋತೀನಿ. ಜನ ನನ್ನ ಬಗ್ಗೆ ಏನಂತಾರೆ?"

"ಜನ ಏನಾದ್ರೂ ಅಂದ್ರೆ ನನ್ನ ಹತ್ರ ಕಳಿಸು. ಪ್ಯಾಂಟ್ ಟೈಟ್ ಮಾಡಿ ಕಳಿಸ್ತೀನಿ," ಅಂದಳು ಅತ್ತೆ.

ಅಪ್ಪ ಒಳಗಿಂದ ಮರೆಯನ್ನು ಎಳೆದುಕೊಂಡು ಬಂದ. ಅವನ ಕಣ್ಣು ಕೆಂಪಾಗಿತ್ತು. "ನೋಡು, ಇದನ್ನ ಈಗಲೇ ಮುರಿದು ಹಾಕ್ತೀನಿ. ಆಯ್ತಾ? ಆಯ್ತಾ ಅಕ್ಕ?"

"ಮುರೀಬೇಡ್ವೋ. ಜನ್ಮದಲ್ಲಿ ಒಂದು ನೆಟ್ಟಗೆ ನಿಲ್ಲೋ ಹಾಗೆ ಮಾಡಿದೀಯ."

"ಹಾಗಾದ್ರೆ ನನ್ನ ಮಾತಿಗೆ ಬೆಲೆ ಇಲ್ಲ. ಹೋಗು. ಸಂಜೆ ಬರ್ತೀಯಲ್ಲ, ಆಗ ಮಾತಾಡ್ತೀನಿ!" ಅಪ್ಪ ಮುಖ ತಿರುಗಿಸಿದ.

ಗಾಡಿಯವನು ಮೆಷಿನನ್ನು ಹಗ್ಗದಿಂದ ಬಿಗಿದ. ಸಾಸಿವೆ ಗಾಡಿಯ ಪಕ್ಕದಲ್ಲಿ ನಿಂತಿದ್ದಳು. ಅತ್ತೆಯನ್ನು ತಬ್ಬಿಕೊಂಡು ಹೋಗಬೇಡ ಅನ್ನಬೇಕು ಅಂತ ರಾತ್ರಿಯೇ ನಿರ್ಧಾರ ಮಾಡಿದ್ದಳು. ಆದರೆ ಕೇಳಿದ್ದು ಬೇರೆ.

"ಅತ್ತೆ, ಅಲ್ಲಿ ಕಿಟಕಿ ಇದ್ಯಾ?"

"ಎರಡಿದೆ!" ಅಂದಳು ಅತ್ತೆ. "ಒಂದು ಬೀದಿ ಕಡೆ, ಒಂದು ಮರದ ಕಡೆ. ಬೆಳಿಗ್ಗೆಯಿಂದ ಬೆಳಕೋ ಬೆಳಕು! ಬಾಗಿಲಿಗೆ ಚಿಲಕಾನೂ ಇದೆ, ಒಳಗಿಂದ."

ಹೇಳಿದವಳೇ ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡಳು, ಹೇಳಬಾರದ್ದೇನೋ ಹೇಳಿದ ಹಾಗೆ. ಸಾಸಿವೆಯ ಕೆನ್ನೆಯನ್ನು ಜೋರಾಗಿ ಚಿವುಟಿ, ಗಾಡಿಯ ಹಿಂದೆ ನಡೆದಳು. ಬೀದಿಯ ತಿರುವಿನವರೆಗೂ ಅವಳು ಗಾಡಿಯವನಿಗೆ ಬೈಯುತ್ತಿದ್ದದ್ದು ಕೇಳುತ್ತಿತ್ತು. "ಮೆಲ್ಲಗೆ ಹೋಗೋ ಮಾರಾಯ, ಅದು ಮೂಟೆ ಅಲ್ಲ!"

ಸಂಜೆ ಅಪ್ಪ ಗೋಡೌನಿನಿಂದ ಬೇಗ ಬಂದ. ಟೀಗೆ ಒಂದು ಲೋಟ ಹಾಲು ಹೆಚ್ಚು ಹಾಕು ಅಂತ ಅಮ್ಮನಿಗೆ ಹೇಳಿದ. ಬಾಗಿಲು ತೆರೆದಿಟ್ಟು ಕೂತ. ಟೀ ಆರಿತು. ಬೀದಿ ದೀಪಗಳು ಹೊತ್ತಿದವು.

"ಇವತ್ತು ಸ್ವಲ್ಪ ಲೇಟ್ ಮಾಡ್ತಿದಾಳೆ," ಅಂದ ಅಪ್ಪ. "ಬರ್ತಾಳೆ ಬಿಡು. ಹೋಗಿ ಇರೋಕಾಗುತ್ತಾ ಅವಳಿಗೆ?"

ಸಾಸಿವೆ ಹೊಸ್ತಿಲ ಮೇಲೆ ಅವನ ಪಕ್ಕದಲ್ಲಿ ಕೂತಿದ್ದಳು. ಅತ್ತೆ 'ಎರಡಿದೆ' ಅಂದ ರೀತಿ ಅವಳ ಕಿವಿಯಲ್ಲೇ ಇತ್ತು. ತಾರಸಿಯ ಮೇಲೆ 'ನಂಗೆ ನನ್ನದೇ ರೂಮ್ ಬೇಕು' ಅಂದಾಗ ತನ್ನ ದನಿ ಇದ್ದದ್ದೂ ಹಾಗೆಯೇ. ತನಗಾದರೆ ಕೇಳೋಕೆ ಅಪ್ಪ ಇದ್ದ. ಅತ್ತೆಗೆ ಯಾರಿದ್ದರು?

ಅವಳು ಅಪ್ಪನ ತೋಳಿಗೆ ಒರಗಿದಳು. ಅತ್ತೆ ಬರುವುದಿಲ್ಲ ಅಂತ ಅವಳು ಅಪ್ಪನಿಗೆ ಹೇಳಲಿಲ್ಲ.