ಮೂರನೇ ಬಟ್ಟಲು ಕಾಫಿ

ಮಂಗಳವಾರ ಬೆಳಿಗ್ಗೆ ಏಳೂಕಾಲಿಗೆ ನಾಲೊಂಗೊ ಕಂಪಾಲಾದ ಕನ್ಸಂಗಾ ಠಾಣೆಗೆ ಬಂದಳು. ಅವಳಿ ಮಕ್ಕಳ ತಾಯಿಯಾದ್ದರಿಂದ ಕೇರಿಯವರು ಅವಳನ್ನು ಕರೆಯುವುದೇ ಹಾಗೆ.

"ನಮ್ಮನೆ ಹಿಂದಿನ ಬಾಡಿಗೆ ರೂಮಲ್ಲಿದ್ದ ಎರಿಟ್ರಿಯಾ ಹುಡುಗಿ ಸತ್ತು ಬಿದ್ದಿದಾಳೆ ಮೇಡಂ."

"ಯಾರು ಕಳಿಸಿದ್ದು ಅವಳನ್ನ ನಿಮ್ಮನೆಗೆ?" ಇನ್ಸ್‌ಪೆಕ್ಟರ್ ಬಿರುಂಗಿ ಕೇಳಿದಳು.

"ಫೋನು. ನಿರಾಶ್ರಿತರಿಗೆ ಮನೆ ಹುಡುಕಿಕೊಡೋ ಆ್ಯಪ್ ಇದೆಯಲ್ಲ, ಅದು."

ಎಫ್‌ಐಆರ್ ದಾಖಲಿಸಿ ಬಿರುಂಗಿ ಸ್ಥಳಕ್ಕೆ ಹೋದಳು. ಕಾನ್‌ಸ್ಟೆಬಲ್ ಒಪಿಯೊ ಪಂಚನಾಮೆ ಬರೆದ. ಮೃತಳು ಲೆತೆಬ್ರಹಾನ್, ಕರೆಯುವುದು ಲೆತೆ ಎಂದು, ಇಪ್ಪತ್ತನಾಲ್ಕು ವರ್ಷ. ಕುತ್ತಿಗೆಗೆ ಅವಳದೇ ಬಿಳಿ ಶಾಲು ಬಿಗಿದಿತ್ತು. ಚಿಲಕ ಮುರಿದಿರಲಿಲ್ಲ. ಇದ್ದಿಲ ಒಲೆಯ ಪಕ್ಕ ಮಣ್ಣಿನ ಕಾಫಿ ಹೂಜಿ, ಎರಡು ಬಟ್ಟಲು.

"ಕಳ್ಳತನ ಅಂತ ಬರೀಲಾ ಮೇಡಂ?"

ಬಿರುಂಗಿ ಹೂಜಿಯ ಗಸಿಯನ್ನು ಚಮಚದಲ್ಲಿ ತೆಗೆದು ನೋಡಿದಳು. ಎರಿಟ್ರಿಯಾದವರು ಒಂದೇ ಪುಡಿಯನ್ನು ಮೂರು ಸಲ ಕುದಿಸುತ್ತಾರೆ. ಈ ಗಸಿ ಪೂರಾ ಬಣ್ಣ ಬಿಟ್ಟಿತ್ತು, ಮೂರೂ ಸಲ ಕುದಿದಿದ್ದು. ಹೊರಗಿನವರು ಮೊದಲ ಬಟ್ಟಲಿಗೇ ಎದ್ದುಬಿಡುತ್ತಾರೆ. ಮೂರನೆಯದು ಆಶೀರ್ವಾದ, ಅದನ್ನು ಬಿಟ್ಟು ಅವರ ಪೈಕಿ ಯಾರೂ ಏಳುವುದಿಲ್ಲ.

"ಮೂರೂ ಕುಡಿದು ಕೊಂದಿದಾನೆ. ಇವಳ ಕಡೆಯವನೇ. ಇಲ್ಲಿನ ವಿಳಾಸ ಯಾರಿಗೆ ಗೊತ್ತು?"

"ಬಾಗಿಲ ತನಕ ತಂದುಬಿಟ್ಟ ಆ್ಯಪಿನ ಸ್ವಯಂಸೇವಕ ತೆಕ್ಲೆಗೆ ಮಾತ್ರ," ಎಂದಳು ನಾಲೊಂಗೊ. "ಅವನೂ ಎರಿಟ್ರಿಯಾದವನೇ, ಅಣ್ಣಾ ಅಂತಿದ್ಲು."

ಬೆನ್ನು ಹತ್ತಿ ಬರುವವರ ಕೈಗೆ ಸಿಗಬಾರದೆಂದು ಆ್ಯಪ್ ಮಾಡಿದ ಪುಣ್ಯಾತ್ಮರು ವಿಳಾಸವನ್ನು ಅಷ್ಟು ಜೋಪಾನವಾಗಿ ಬಚ್ಚಿಟ್ಟಿದ್ದರು. ಗುಟ್ಟನ್ನು ಕೊಟ್ಟಿದ್ದು ಇವನೊಬ್ಬನಿಗೆ.

ಮಧ್ಯಾಹ್ನದೊಳಗೆ ತೆಕ್ಲೆಯನ್ನು ಠಾಣೆಗೆ ಕರೆತಂದರು.

"ನಿನ್ನೆ ಸಂಜೆ ಎಲ್ಲಿದ್ದೆ?"

"ಚರ್ಚಲ್ಲಿ."

"ಲೆತೆ ಎಷ್ಟು ಬಟ್ಟಲು ಕಾಫಿ ಕೊಟ್ಟಳು?"

ಅವನು ನೆಲ ನೋಡಿದ. "ಮೂರು," ಎಂದ.

"ಕೊಲ್ಲೋಕೆ ಬಂದವನು ಮೂರನೇದು ಯಾಕೆ ಕುಡಿದೆ?"

"ಆಶೀರ್ವಾದನ ಬೇಡ ಅನ್ನೋಕಾಗುತ್ತಾ ಮೇಡಂ? ನನ್ನ ಮಗುಗೆ ಒಳ್ಳೇದಾಗ್ಲಿ ಅಂತ ಹೇಳಿ ಕೊಟ್ಟಳು."

ಒಪಿಯೊ ಬರೆಯುವುದನ್ನು ನಿಲ್ಲಿಸಿದ.

ತೆಕ್ಲೆಯ ಹೆಂಡತಿ ಅಬ್ರೆಹೆತ್ ಹಸುಗೂಸಿನೊಂದಿಗೆ ಚರ್ಚಿನ ಜಗಲಿಯಲ್ಲಿ ಮಲಗುತ್ತಿದ್ದಳು. ಮಗುವಿನ ಕೆಮ್ಮು ನಿಲ್ಲುತ್ತಿರಲಿಲ್ಲ. ಆ ರೂಮಿಗೆ ಸರದಿ ಅವರದೇ ಇತ್ತು. ಒಂಟಿ ಹೆಂಗಸಿಗೆ ಅಪಾಯ ಹೆಚ್ಚೆಂದು ಆ್ಯಪ್ ಲೆತೆಯನ್ನು ಮುಂದಕ್ಕೆ ಹಾಕಿತು. ಅವಳ ಪೆಟ್ಟಿಗೆ ಹೊತ್ತು ತಂದವನೂ ಇವನೇ.

"ಆ ರೂಮು ಖಾಲಿಯಾದ್ರೆ ಮುಂದೆ ನಾವೇ," ಎಂದ ತೆಕ್ಲೆ. ಬಿರುಂಗಿ ಬಂಧನದ ಕಾಗದಕ್ಕೆ ಸಹಿ ಹಾಕಿದಳು.

ಅವನ ಲೆಕ್ಕ ತಪ್ಪಿರಲಿಲ್ಲ. ಬೆಳಿಗ್ಗೆ ಠಾಣೆಗೆ ಹೊರಡುವ ಮೊದಲೇ ನಾಲೊಂಗೊ ಫೋನಿನಲ್ಲಿ 'ರೂಮು ಖಾಲಿ' ಎಂದು ಒತ್ತಿದ್ದಳು. ಹೆಣ ಆಗಿನ್ನೂ ಒಳಗೇ ಇತ್ತು.

ಸಂಜೆ ಅಬ್ರೆಹೆತ್ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಠಾಣೆಗೆ ಬಂದಳು. ಗಂಡನನ್ನು ಯಾಕೆ ಕರೆದೊಯ್ದರೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಅವ್ರಿಗೆ ಒಂದು ಮಾತು ಹೇಳ್ಬೇಕಿತ್ತು ಮೇಡಂ. ರೂಮು ಸಿಕ್ತು, ಈಗ್ಲೇ ಬಂತು." ಅವಳು ನಗುತ್ತ ಫೋನು ಚಾಚಿದಳು. "ಬಾಗಿಲ ತನಕ ಬಿಡೋಕೆ ಸ್ವಯಂಸೇವಕ ಬರ್ತಾನಂತೆ. ಹೆಸರು ನೋಡಿ, ನಮ್ಮವರದೇ."

ಬಿರುಂಗಿ ಅವಳಿಗೆ ಕೂರಲು ಕುರ್ಚಿ ಎಳೆದುಕೊಟ್ಟಳು.